ಹಗ್ಗ ಕೊಯ್ದು ಬಿಟ್ಟ ಎಮ್ಮೆಗೆ ಪರಿಹಾರ ಇಲ್ವಾ?

ಹೊಳೆದಂಡೆಯವ · ಸೋಮವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಇಲ್ಲಿ ದನ ಕಟ್ಟುವವರು ತುಂಬಾ ಜನ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೆಳಗಾವಿ ಜಿಲ್ಲೆ, ಕೃಷ್ಣಾ ದಂಡೆಯ ಹಳ್ಳಿ. ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರೆ ನಮ್ಮ ಕಡೆ ಹೊಳೆ ಏರುತ್ತದೆ, ಅದು ಹೊಸದಲ್ಲ. 2019ರ ಆಗಸ್ಟ್ ಪ್ರವಾಹ ಕಂಡವರು ನಾವು. ಆದರೆ ಈ ಸಲ ರಾತ್ರಿ ಹತ್ತಕ್ಕೆ ಹೊಲದ ಬದುವಿನಲ್ಲಿದ್ದ ನೀರು ಎರಡೂವರೆಗೆ ಕೊಟ್ಟಿಗೆಯೊಳಗೆ ಬಂದಿತ್ತು. ನಾಲ್ಕು ಎಮ್ಮೆ, ಹದಿನೈದು ದಿನದ ಒಂದು ಕರು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಒಳಗೆ ಹೋದೆ. ಹಗ್ಗ ನೆನೆದು ಗಂಟು ಬಿಗಿದುಹೋಗಿತ್ತು, ಬಿಚ್ಚಲು ಆಗಲಿಲ್ಲ. ಕುಡುಗೋಲಿನಿಂದ ನಾಲ್ಕನ್ನೂ ಕೊಯ್ದು ಬಿಟ್ಟೆ. ಕರುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದೆ. ಬೆಳಿಗ್ಗೆ ನೋಡಿದರೆ ಎರಡು ಎಮ್ಮೆ ಶಾಲೆಯ ಹಿಂದಿನ ದಿಬ್ಬದ ಮೇಲೆ ನಿಂತಿದ್ದವು. ಇನ್ನೆರಡು ಇವತ್ತಿಗೂ ಸಿಕ್ಕಿಲ್ಲ. ಅದರಲ್ಲಿ ಒಂದು ಈ ಕರುವಿನ ತಾಯಿ.

ಹದಿನಾರು ದಿನ ಆಯಿತು. ಕಚೇರಿಗೆ ಮೂರು ಸಲ ಹೋಗಿ ಬಂದೆ. ಮರಣೋತ್ತರ ಪರೀಕ್ಷೆಯ ವರದಿ ತನ್ನಿ, ಸತ್ತ ದನದ ಫೋಟೊ ತನ್ನಿ ಅನ್ನುತ್ತಾರೆ. ದನವೇ ಹೊಳೆ ಪಾಲಾದ ಮೇಲೆ ವರದಿ ಎಲ್ಲಿಂದ ತರಲಿ?

ನಮ್ಮ ಓಣಿಯಲ್ಲೇ ಒಬ್ಬರಿಗೆ ಕೊಟ್ಟಿಗೆ ತನಕ ಹೋಗಲು ಆಗಲಿಲ್ಲ. ಮೂರು ದನ ಕಟ್ಟಿದಲ್ಲೇ ಸತ್ತವು. ಅವರಿಗೆ ಪರಿಹಾರ ಬರುತ್ತದೆ. ಬರಲೇಬೇಕು, ಆ ಮನೆಯ ಸಂಕಟ ನಾನು ನೋಡಿದ್ದೇನೆ. ಆದರೆ ನಾನೂ ಹಗ್ಗ ಕೊಯ್ಯದೆ ಇದ್ದಿದ್ದರೆ ನಾಲ್ಕೂ ಗೂಟದಲ್ಲೇ ಸಾಯುತ್ತಿದ್ದವು, ನನಗೂ ಹಣ ಬರುತ್ತಿತ್ತು. ಕೊಯ್ದೆ, ಎರಡು ಉಳಿದವು. ಹೋದ ಎರಡಕ್ಕೆ ಒಂದು ರೂಪಾಯಿ ಇಲ್ಲ. ಇದು ಯಾವ ಲೆಕ್ಕ? ಯಾರಿಗಾದರೂ ದಾರಿ ಗೊತ್ತಿದ್ದರೆ ಹೇಳಿ.

ಹೈನದ ಮನೆ · ಸೋಮವಾರ, ರಾತ್ರಿ 10.15

ಅಣ್ಣಾ, ಓದಿ ಕಣ್ಣು ತುಂಬಿತು. ನಮ್ಮದೂ ಅದೇ ಹೊಳೆ, ನಿಮಗಿಂತ ಸ್ವಲ್ಪ ಕೆಳಗೆ. ಒಂದು ಎಚ್‌ಎಫ್ ತಳಿಯ ಹಸು ಹೋಯಿತು. ಹೊತ್ತಿಗೆ ಒಂಬತ್ತು ಲೀಟರ್ ಕೊಡುತ್ತಿತ್ತು. ನಮ್ಮದಕ್ಕೂ ಫೋಟೊ ಇಲ್ಲ.

ನಮಗೆ ಇನ್ನೊಂದು ತೊಡಕು. ಹಸುವಿನ ಕಿವಿಗೆ ನಂಬರಿನ ಓಲೆ ಹಾಕಿಸಿದಾಗ ಮಾವನವರ ಹೆಸರು ಬರೆಸಿದ್ದರು. ಮಾವ ತೀರಿಕೊಂಡು ಒಂದೂವರೆ ವರ್ಷ. ಡೇರಿಯಲ್ಲಿ ಸದಸ್ಯರು ಅತ್ತೆ. ಸಾಲ ನನ್ನ ಗಂಡನ ಹೆಸರಲ್ಲಿ. ಹಾಲು ಹಿಂಡುತ್ತಿದ್ದವಳು ನಾನು. ಈಗ ಹಸು ಯಾರದು ಅಂತ ಕೇಳುತ್ತಾರೆ.

ನಿವೃತ್ತ ಪಶುವೈದ್ಯ · ಸೋಮವಾರ, ರಾತ್ರಿ 11.05

ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ದರ. ಪ್ರವಾಹಕ್ಕೆ ಹಣ ಬರುವುದು ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ. ನಮ್ಮಂಥ ರಾಜ್ಯಗಳಿಗೆ ಅದರಲ್ಲಿ 75 ಪಾಲು ಕೇಂದ್ರದ್ದು, 25 ಪಾಲು ರಾಜ್ಯದ್ದು. 2022ರಿಂದ 2026ರ ಮಾರ್ಚ್‌ವರೆಗಿನ ದರದಲ್ಲಿ ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ. ಎತ್ತಿಗೆ 32,000, ಕರುವಿಗೆ 20,000, ಕುರಿ ಮೇಕೆಗೆ 4,000. ಕೋಳಿಗೆ ತಲಾ 100, ಒಂದು ಮನೆಗೆ 10,000 ದಾಟುವಂತಿಲ್ಲ. 2019ರಲ್ಲಿ ಎಮ್ಮೆಗೆ 30,000 ಇತ್ತು. ಆ ದರಪಟ್ಟಿಯಲ್ಲೇ ಒಂದು ಮಿತಿಯೂ ಇದೆ: ಹಾಲಿನ ದೊಡ್ಡ ದನ ಮನೆಗೆ ಮೂರು ಮಾತ್ರ. ಹತ್ತು ಹೋದರೂ ಮೂರೇ.

ಇನ್ನು ನಿಮ್ಮ ಪ್ರಶ್ನೆ. ಕೇಂದ್ರದ ಮಾರ್ಗಸೂಚಿ ಕೇಳುವುದು, ರಾಜ್ಯ ಗೊತ್ತುಪಡಿಸಿದ ಅಧಿಕಾರಿ ನಷ್ಟವನ್ನು ದೃಢೀಕರಿಸಬೇಕು ಅಂತ. ಮರಣೋತ್ತರ ಪರೀಕ್ಷೆ ದೃಢೀಕರಿಸುವ ಒಂದು ದಾರಿ. ಕಳೇಬರ ಇದ್ದಾಗ ಅದು ಬೇಕೇ ಬೇಕು, ಬಿಡುವ ಹಾಗಿಲ್ಲ. ಕಳೇಬರ ಹೊಳೆಗೆ ಹೋಗಿದ್ದರೆ ಸ್ಥಳ ಮಹಜರು ಮಾಡಿಸಿ. ತಲಾಟಿ (ಗ್ರಾಮ ಲೆಕ್ಕಿಗರು), ಪಶುವೈದ್ಯರು, ಪಂಚರು ಬಂದು ಕೊಟ್ಟಿಗೆ ನೋಡಿ, ಅಕ್ಕಪಕ್ಕದವರ ಹೇಳಿಕೆ ಬರೆದುಕೊಳ್ಳಬೇಕು. ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿ ಬರೆದು, ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಆಗುವುದಿಲ್ಲ ಅಂದರೆ ಅದನ್ನೂ ಬರೆದು ಕೊಡಲು ಕೇಳಿ.

ಎಮ್ಮೆ ನಿಮ್ಮ ಹತ್ತಿರ ಇತ್ತು ಅನ್ನುವುದಕ್ಕೆ ಪುರಾವೆ ನಿಮ್ಮ ಕೈಯಲ್ಲೇ ಇದೆ. ಕಿವಿಯಲ್ಲಿ ಹಳದಿ ಓಲೆ ಇತ್ತಲ್ಲ, ಅದರ ಹನ್ನೆರಡು ಅಂಕಿ. ಭಾರತ್ ಪಶುಧನ್ ಅನ್ನುವ ಕಂಪ್ಯೂಟರ್ ದಾಖಲೆಯಲ್ಲಿ ಆ ನಂಬರಿಗೆ ನಿಮ್ಮ ಹೆಸರು, ಮೊಬೈಲ್ ನಂಬರು, ಕಾಲುಬಾಯಿ ಬೇನೆಗೆ ಲಸಿಕೆ ಹಾಕಿಸಿದ ತಾರೀಕು ಎಲ್ಲ ಇರುತ್ತದೆ. ಲಸಿಕೆ ಹೋದ ತಿಂಗಳೋ ಅದರ ಹಿಂದಿನ ತಿಂಗಳೋ ಆಗಿದ್ದರೆ, ಆವತ್ತು ಆ ಎಮ್ಮೆ ನಿಮ್ಮ ಕೊಟ್ಟಿಗೆಯಲ್ಲಿ ಜೀವಂತ ಇತ್ತು ಅಂತ ಇಲಾಖೆಯೇ ಬರೆದುಕೊಂಡ ಹಾಗಾಯಿತು. ಇನ್ನೊಂದು, ಡೇರಿ ಪುಸ್ತಕ. ಹೊಳೆ ಬರುವ ಹಿಂದಿನ ಹತ್ತು ದಿನದ ಹಾಲು, ಬಂದ ನಂತರದ ಹತ್ತು ದಿನದ ಹಾಲು. ಹಾಲಿನ ಪ್ರೋತ್ಸಾಹಧನ ಬ್ಯಾಂಕಿಗೆ ಬರುತ್ತದಲ್ಲ, ಆ ಪಾಸ್‌ಬುಕ್ಕನ್ನೂ ಜೊತೆಗಿಡಿ. ಯಾರೂ ಸುಮ್ನೆ ಹಾಲು ಕಡಿಮೆ ಹಾಕುವುದಿಲ್ಲ.

ಹೈನದ ಮನೆಯ ತಾಯಿ, ನಿಮ್ಮದು ಬಗೆಹರಿಯುವ ತೊಡಕು. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ. ಅತ್ತೆಯವರ ಹೆಸರಿನಲ್ಲಿ ಅರ್ಜಿ ಹಾಕಿ, ಡೇರಿ ಕಾರ್ಯದರ್ಶಿಯಿಂದ ಒಂದು ದೃಢೀಕರಣ ಪತ್ರ ತನ್ನಿ. ಅತ್ತೆಯವರ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಇವತ್ತೇ ವಿಚಾರಿಸಿ. ಮಂಜೂರಾದ ಹಣ ಅಲ್ಲಿ ಸಿಕ್ಕಿಬಿದ್ದು ವಾಪಸ್ ಹೋದದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಂಬಳಿ ಹಟ್ಟಿ · ಮಂಗಳವಾರ, ಬೆಳಿಗ್ಗೆ 6.20

ಡಾಕ್ಟ್ರೇ, ಕುರಿಗೆ ಓಲೆ ಎಲ್ಲಿ? ನಮ್ಮದು ಕಿವಿ ಕತ್ತರಿಸಿದ ಗುರುತು. ನಮ್ಮ ಗುರುತು ನಮ್ಮವರಿಗೆ ಗೊತ್ತು, ಕಚೇರಿಯವರಿಗೆ ಗೊತ್ತಾಗುವುದಿಲ್ಲ.

ಎರಡು ವರ್ಷದ ಹಿಂದೆ ಹಳ್ಳ ದಾಟುವಾಗ ಮೇಲಿನಿಂದ ಒಮ್ಮೆಲೇ ನೀರು ಬಂತು. 52 ಕುರಿ ಹೋದವು. ಅಲ್ಲಲ್ಲಿ ಜಾಲಿ ಕಂಟಿಯಲ್ಲಿ ಸಿಕ್ಕಿದ್ದು 19. ನಾವು ಊರಿಂದ ಮೂರು ತಾಲ್ಲೂಕು ದಾಟಿ ಬಂದಿದ್ದೆವು. ಇಲ್ಲಿಯವರು ನಿಮ್ಮ ಊರಿನಲ್ಲಿ ಅರ್ಜಿ ಹಾಕಿ ಅಂದರು, ಊರಿನವರು ಸತ್ತಲ್ಲಿ ಮಹಜರು ಆಗಬೇಕು ಅಂದರು. ಅತ್ತಿಂದಿತ್ತ ಓಡಾಡುವಷ್ಟರಲ್ಲಿ ಸತ್ತ ಕುರಿ ಕೊಳೆತು ನಾರತೊಡಗಿದವು. ಉಳಿದ ಮಂದೆ ಕಾಯಲು ನನ್ನ ತಮ್ಮ ಒಬ್ಬನೇ. ಕೊನೆಗೆ ಬಿಟ್ಟು ಬಂದೆವು.

ಮನೆಗೆ 30 ಕುರಿ ಅಂತ ಮಿತಿ ಇತ್ತಲ್ಲ, ಎಲ್ಲ ಸರಿ ಹೋಗಿದ್ದರೂ 1,20,000 ಸಿಗುತ್ತಿತ್ತು. ಅದಕ್ಕೆ ಇವತ್ತು ಸಂತೆಯಲ್ಲಿ ಹತ್ತು ಒಳ್ಳೆ ಕುರಿ ಬರಬಹುದು. ನಾವು ಮೂವರು ಅಣ್ಣತಮ್ಮಂದಿರು ಸೇರಿ ಒಂದೇ ಮಂದೆ ಮಾಡಿಕೊಂಡಿದ್ದೇವೆ. ಪಡಿತರ ಚೀಟಿ ಬೇರೆ ಬೇರೆ. ಮೂರು ಮನೆಯೋ ಒಂದು ಮನೆಯೋ? ಅದನ್ನೂ ಯಾರೂ ಹೇಳಲಿಲ್ಲ.

ಅನುಗ್ರಹ ಯೋಜನೆಯಲ್ಲಿ ಆಕಸ್ಮಿಕವಾಗಿ ಸತ್ತ ಕುರಿಗೆ ಮೊದಲು 5,000 ಇತ್ತು, 2025ರ ಬಜೆಟ್‌ನಲ್ಲಿ 7,500 ಮಾಡಿದರು. ಒಳ್ಳೆಯದೇ ಆಯಿತು. ಆದರೆ ಅದಕ್ಕೂ ಸತ್ತ ಕುರಿ ಮುಂದೆ ಇರಬೇಕು, ಡಾಕ್ಟರು ಬಂದು ನೋಡಬೇಕು.

ಲೆಕ್ಕದವನು · ಮಂಗಳವಾರ, ಬೆಳಿಗ್ಗೆ 8.50

ನನ್ನ ಮಾತು ಕೆಲವರಿಗೆ ಬೇಸರ ತರಬಹುದು, ಆದರೂ ಹೇಳಬೇಕು. ನಾನು ಲೆಕ್ಕಪರಿಶೋಧನೆ ಕೆಲಸದಲ್ಲಿದ್ದೇನೆ. ನಮ್ಮ ಅಜ್ಜನ ಮನೆಯಲ್ಲೂ ದನ ಇದ್ದವು. ಕಳೇಬರ ಇಲ್ಲದೆ ಹಣ ಕೊಡುತ್ತೇವೆ ಅಂದ ತಕ್ಷಣ ದನ ಇಲ್ಲದವರೂ ಸಾಲಿನಲ್ಲಿ ನಿಲ್ಲುತ್ತಾರೆ. ಒಂದೇ ಸತ್ತ ಹಸುವಿನ ಫೋಟೊವನ್ನು ಎರಡು ಕಡೆಯಿಂದ ತೆಗೆದು ಎರಡು ಅರ್ಜಿ ಹಾಕಿದ ಕಡತ ನಾನೇ ನೋಡಿದ್ದೇನೆ. ಕೆಳಗಿನ ನೌಕರ ಸಹಿ ಹಾಕಲು ಹೆದರುವುದು ಅದಕ್ಕೇ. ನಾಳೆ ವಸೂಲಿ ಅಂತ ಬಂದರೆ ಅವನ ಸಂಬಳದಿಂದ ಹೋಗುತ್ತದೆ. ಬಡ ರೈತನಿಗೆ ಸಿಗಬೇಕಾದ ಹಣ ಕಳ್ಳ ಅರ್ಜಿಗೆ ಹೋಗಬಾರದು ಅಲ್ವಾ?

ಹೊಳೆದಂಡೆಯವ · ಮಂಗಳವಾರ, ಬೆಳಿಗ್ಗೆ 9.30

ಸರ್, ನೀವು ಹೇಳಿದ್ದು ತಪ್ಪಲ್ಲ. ಸುಳ್ಳು ಅರ್ಜಿ ಹಾಕಿದವರಿಂದಲೇ ನಮಗೂ ಈ ಗತಿ. ಪುರಾವೆ ಕೇಳಲಿ, ಕೊಡುತ್ತೇನೆ. ಇರುವ ಪುರಾವೆ ನೋಡಲಿ ಅನ್ನುವುದಷ್ಟೇ ನನ್ನ ಬೇಡಿಕೆ. ಒಂದು ಎಮ್ಮೆಗೆ ನಾನು 82 ಸಾವಿರ ಕೊಟ್ಟಿದ್ದೆ, ಸಂತೆಯ ಚೀಟಿ ಇದೆ. ಎರಡು ಹೊತ್ತಿನ ಹಾಲಿನ ಲೆಕ್ಕ ಡೇರಿ ಪುಸ್ತಕದಲ್ಲಿದೆ. 37,500 ಬಂದರೂ ಅರ್ಧ ಎಮ್ಮೆ ಬರುವುದಿಲ್ಲ. ಆದರೂ ಅಷ್ಟು ಬಂದರೆ ಉಳಿದ ಎರಡಕ್ಕೆ ಮೇವು ಹಾಕಬಹುದು. ಕಣಕಿ ಬಣವೆ ಪೂರ್ತಿ ಹೊಳೆಗೆ ಹೋಯಿತು. ಈಗ ಕಬ್ಬಿನ ಸೋಗೆ ಹಾಕಿ ದಿನ ದೂಡುತ್ತಿದ್ದೇನೆ.

ಕರು ಬಾಟಲಿಯಲ್ಲಿ ಕುಡಿಯುವುದಿಲ್ಲ. ಬೆರಳಿಗೆ ಹಾಲು ಹಚ್ಚಿ ಬಾಯಿಗೆ ಇಟ್ಟು, ಹಾಗೇ ಪಾತ್ರೆಯೊಳಗೆ ಬೆರಳು ಇಳಿಸಿದರೆ ಎರಡು ಗುಟುಕು ಎಳೆಯುತ್ತದೆ. ಮತ್ತೆ ತಲೆ ಎತ್ತಿ ಬಾಗಿಲ ಕಡೆ ನೋಡುತ್ತದೆ.

ಮಲೆನಾಡ ಮನೆ · ಮಂಗಳವಾರ, ಮಧ್ಯಾಹ್ನ 1.10

ನಮ್ಮ ಕಡೆ ಸಿಡಿಲಿಗೆ ದನ ಸಾಯುವುದು ಜಾಸ್ತಿ. 2026ರ ಮಾರ್ಚ್‌ವರೆಗೆ ಕೇಂದ್ರದ ವಿಪತ್ತು ಪಟ್ಟಿಯಲ್ಲಿ ಸಿಡಿಲು ಇರಲಿಲ್ಲ. ಆದರೆ ನಿಧಿಯಲ್ಲಿ ನೂರಕ್ಕೆ 10 ಪಾಲು ಹಣವನ್ನು ಅಂಥ ಸ್ಥಳೀಯ ವಿಪತ್ತಿಗೆ ಬಳಸಲು ರಾಜ್ಯಗಳಿಗೆ ಅವಕಾಶ ಇತ್ತು. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಮ್ಮ ರಾಜ್ಯ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ಅಂತ ಬೇರೆಯೇ ದರ ಮಾಡಿತ್ತು. ಪ್ರವಾಹದಲ್ಲಿ ಹಸುವಿಗೆ ಜಾಸ್ತಿ, ರೋಗದಲ್ಲಿ ಎತ್ತಿಗೆ ಜಾಸ್ತಿ. ನಮ್ಮ ಅಮ್ಮನ ಹಸು ಆ ರೋಗಕ್ಕೇ ಹೋಯಿತು. ಡಾಕ್ಟರು ಮನೆಗೇ ಬಂದು ಬರೆದುಕೊಂಡು ಹೋದರು, ಹಣವೂ ಬಂತು. ಆಗುವ ಕಡೆ ಆಗುತ್ತದೆ, ಬಿಡಬೇಡಿ.

ಅಮರಿಲ್ಲೊ ಕನ್ನಡಿಗ · ಮಂಗಳವಾರ, ರಾತ್ರಿ 8.00

ನಾನು ಹಾಸನ ಕಡೆಯವನು. ಈಗ ಅಮೆರಿಕದ ಟೆಕ್ಸಸ್‌ನಲ್ಲಿ ದನಗಳ ಮೇವಿನ ಕೆಲಸದಲ್ಲಿದ್ದೇನೆ. ಇಲ್ಲಿ ಕಂಡದ್ದನ್ನು ಹೇಳುತ್ತೇನೆ, ಉಪಯೋಗ ಆಗಬಹುದು.

2024ರ ಫೆಬ್ರವರಿ ಕೊನೆಯಲ್ಲಿ ಇಲ್ಲಿ ಸ್ಮೋಕ್‌ಹೌಸ್ ಕ್ರೀಕ್ ಅನ್ನುವ ಕಡೆಯಿಂದ ಎದ್ದ ಬೆಂಕಿ ಹತ್ತು ಲಕ್ಷ ಎಕರೆಗಿಂತ ಜಾಸ್ತಿ ಹುಲ್ಲುಗಾವಲು ಸುಟ್ಟಿತು. ಸಾವಿರಾರು ದನ ಸತ್ತವು. ನಾನು ಹೆಂಪ್‌ಹಿಲ್ ಕೌಂಟಿಗೆ ಮೇವಿನ ಲಾರಿ ಜೊತೆ ಹೋಗಿದ್ದೆ. ಕೌಂಟಿ ಅಂದರೆ ನಮ್ಮ ತಾಲ್ಲೂಕು ಇದ್ದ ಹಾಗೆ. ತಂತಿ ಬೇಲಿಯ ಮೂಲೆಯಲ್ಲಿ ದನಗಳು ಒಂದರ ಮೇಲೊಂದು ಬಿದ್ದಿದ್ದವು. ಬೇಲಿ ಕತ್ತರಿಸಿ ಬಿಟ್ಟವರ ದನ ಎಲ್ಲೆಲ್ಲೋ ಚದುರಿಹೋಗಿದ್ದವು, ಥೇಟ್ ನಿಮ್ಮ ಹಗ್ಗದ ಕಥೆ.

ಇಲ್ಲಿ ಪ್ರಕೃತಿ ವಿಕೋಪಕ್ಕೆ ಸತ್ತ ದನಕ್ಕೆ ಕೇಂದ್ರ ಸರ್ಕಾರ ಕೊಡುವುದು ಆ ಜಾತಿಯ, ಆ ತೂಕದ ದನದ ಸರಾಸರಿ ಮಾರುಕಟ್ಟೆ ಬೆಲೆಯಲ್ಲಿ ನೂರಕ್ಕೆ 75 ಪಾಲು. ನಷ್ಟ ಆಯಿತು ಅಂತ ಮೊದಲು ತಿಳಿಸಬೇಕು, ಆಮೇಲೆ ದಾಖಲೆ ಕೊಡಬೇಕು. ಸತ್ತ ದನದ ಲೆಕ್ಕಕ್ಕೆ ನೇರ ದಾಖಲೆ ಇಲ್ಲದಿದ್ದರೆ, ಆ ಮಂದೆಯ ಬಗ್ಗೆ ಗೊತ್ತಿರುವ, ಅದರಲ್ಲಿ ಲಾಭ ಇಲ್ಲದ ಇನ್ನೊಬ್ಬರು ಸಹಿ ಮಾಡಿ ಕೊಟ್ಟದ್ದನ್ನೂ ಪರಿಗಣಿಸುತ್ತಾರೆ. ಬೆಂಕಿಗೆ ಮುಂಚೆ ಎಷ್ಟಿದ್ದವು ಅನ್ನುವುದಕ್ಕೆ ಸಾಲದ ಕಾಗದ, ಲಸಿಕೆ ಚೀಟಿ ಎಲ್ಲ ನಡೆಯುತ್ತದೆ. ನನಗೆ ತುಂಬಾ ಹಿಡಿಸಿದ್ದು ಬೇರೆ ಒಂದು ಸಂಗತಿ. ಅರ್ಜಿಗಳ ಮೇಲೆ ತೀರ್ಮಾನ ಮಾಡುವ ಕೌಂಟಿ ಸಮಿತಿಯಲ್ಲಿ ಅಲ್ಲಿನ ರೈತರೇ ಓಟು ಹಾಕಿ ಆರಿಸಿದ ರೈತರು ಇರುತ್ತಾರೆ. ಯಾರ ಹೊಲದಲ್ಲಿ ಎಷ್ಟು ದನ ಇದ್ದವು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಸುಳ್ಳು ಹೇಳಿದರೂ ಗೊತ್ತಾಗುತ್ತದೆ.

ಇಲ್ಲೂ ಹಣ ಬರಲು ತಿಂಗಳುಗಟ್ಟಲೆ ಕಾದವರಿದ್ದಾರೆ. ಎಲ್ಲ ಸುಲಭ ಅಂತ ಹೇಳುವುದಿಲ್ಲ.

ಲೆಕ್ಕದವನು · ಮಂಗಳವಾರ, ರಾತ್ರಿ 9.15

ಇದು ಸರಿಯಾದ ಮಾತು. ಸಹಿ ಮಾಡಿದವನು ಸುಳ್ಳು ಹೇಳಿದರೆ ಅವನ ಮೇಲೂ ಕ್ರಮ ಅಂತ ಆದರೆ ನನ್ನ ಆಕ್ಷೇಪ ಇಲ್ಲ. ಓಲೆ ನಂಬರಿನ ಮೇಲೆ ಪರಿಹಾರ ಕೊಟ್ಟು, ಆ ನಂಬರನ್ನು ಅಲ್ಲೇ ಮುಚ್ಚಿಬಿಟ್ಟರೆ ಅದೇ ದನಕ್ಕೆ ಎರಡನೇ ಅರ್ಜಿ ಬರುವುದಿಲ್ಲ. ಫೋಟೊಗಿಂತ ಅದೇ ಗಟ್ಟಿ ಪುರಾವೆ. ಹೊಳೆದಂಡೆಯವರೇ, ನಿಮ್ಮ ಅರ್ಜಿ ಬರೆಯಲು ಬೇಕಾದರೆ ನಾನು ಕೂತು ಬರೆದುಕೊಡುತ್ತೇನೆ.

ಕೆಳದಂಡೆ ಪಂಚಾಯ್ತಿ ಸದಸ್ಯ · ಬುಧವಾರ, ಬೆಳಿಗ್ಗೆ 7.45

ಇವತ್ತೇ ಇದನ್ನು ಓದಿದೆ. ನಾವು ನಿಮ್ಮ ಕೆಳಗೆ, ಬಾಗಲಕೋಟೆ ಜಿಲ್ಲೆ. ಮೇಲಿಂದ ತೇಲಿ ಬಂದ ದನಗಳು ನಮ್ಮ ಕಬ್ಬಿನ ಹೊಲದಲ್ಲಿ, ಜಾಲಿ ಕಂಟಿಯಲ್ಲಿ ಸಿಕ್ಕಿಕೊಂಡಿದ್ದವು. ನೀರು ಇಳಿದ ಮೇಲೆ ಒಟ್ಟು ಹನ್ನೊಂದು ಸಿಕ್ಕವು. ರೋಗ ಹರಡಬಾರದು ಅಂತ ಜೆಸಿಬಿ ತರಿಸಿ, ಉಪ್ಪು ಸುಣ್ಣ ಹಾಕಿ ಗಾಂವಠಾಣಾ (ಊರಿನ ಸಾರ್ವಜನಿಕ) ಜಾಗದಲ್ಲಿ ಹೂಳಿದೆವು.

ನಮ್ಮ ಪಂಚಾಯ್ತಿಯ ನೀರು ಬಿಡುವ ಹುಡುಗ ಹೂಳುವ ಮುಂಚೆ ಕಿವಿ ಓಲೆಗಳ ಫೋಟೊ ತೆಗೆದು, ಒಂದು ನೋಟ್‌ಬುಕ್ಕಿನಲ್ಲಿ ನಂಬರು ಬರೆದಿಟ್ಟಿದ್ದಾನೆ. ಯಾರೂ ಹೇಳಿರಲಿಲ್ಲ, ತಾನೇ ಮಾಡಿದ. ಅವನ ಮನೆಯಲ್ಲೂ ದನ ಇವೆ. ಹನ್ನೊಂದರಲ್ಲಿ ಏಳಕ್ಕೆ ಓಲೆ ಇತ್ತು. ಕೊನೆಯ ನಾಲ್ಕು ಅಂಕಿ ಹಾಕುತ್ತೇನೆ: 2086, 4471, 9530, 1172, 6608, 3345. ಏಳನೆಯದು ಅರ್ಧ ಮುರಿದಿದೆ, 71 ಅನ್ನುವುದಷ್ಟೇ ಕಾಣುತ್ತದೆ. ನಿಮ್ಮ ನಂಬರು ಇದ್ದರೆ ಹೇಳಿ.

ಹೈನದ ಮನೆ · ಬುಧವಾರ, ಬೆಳಿಗ್ಗೆ 8.05

4471 ನಮ್ಮದು ಅನ್ನಿಸುತ್ತದೆ. ಲಸಿಕೆ ಚೀಟಿ ಕೈಯಲ್ಲಿ ಹಿಡಿದೇ ಬರೆಯುತ್ತಿದ್ದೇನೆ. ಕಪ್ಪು ಬಿಳುಪು ಹಸು. ಅತ್ತೆ ದೃಷ್ಟಿ ಆಗಬಾರದು ಅಂತ ಕೊರಳಿಗೆ ಕರಿದಾರದಲ್ಲಿ ಒಂದು ಕವಡೆ ಕಟ್ಟಿದ್ದರು. ಫೋಟೊದಲ್ಲಿ ಕಾಣುತ್ತದಾ ಅಣ್ಣಾ?

ಕೆಳದಂಡೆ ಪಂಚಾಯ್ತಿ ಸದಸ್ಯ · ಬುಧವಾರ, ಬೆಳಿಗ್ಗೆ 8.30

ಕವಡೆ ಇದೆ ತಂಗಿ.

ಹೈನದ ಮನೆ · ಬುಧವಾರ, ಮಧ್ಯಾಹ್ನ 12.40

ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎಲ್ಲಿ ಮಣ್ಣು ಮಾಡಿದರು ಕೇಳು ಅಂದರು.

ಕೆಳದಂಡೆ ಪಂಚಾಯ್ತಿ ಸದಸ್ಯ · ಬುಧವಾರ, ಮಧ್ಯಾಹ್ನ 12.55

ದೊಡ್ಡ ಹುಣಸೆ ಮರದ ಪಕ್ಕ ಅಂತ ಹೇಳಿ. ಅವರನ್ನು ಕರೆದುಕೊಂಡು ಬನ್ನಿ, ನಮ್ಮ ಮನೆಯಲ್ಲೇ ಊಟ ಮಾಡಿ ಹೋಗುವಿರಂತೆ. ಫೋಟೊ ಮತ್ತು ನೋಟ್‌ಬುಕ್ಕಿನ ಆ ಪುಟಕ್ಕೆ ಪಿಡಿಒ ಸಹಿ, ಸೀಲು ಹಾಕಿಸಿ ಕೊಡುತ್ತೇನೆ.

ನಿವೃತ್ತ ಪಶುವೈದ್ಯ · ಬುಧವಾರ, ಮಧ್ಯಾಹ್ನ 2.20

ಆ ಹುಡುಗನಿಗೆ ನನ್ನ ನಮಸ್ಕಾರ ತಿಳಿಸಿ. ತಾಯಿ, ಆ ಪುಟದ ಜೊತೆ ಹೂಳಿದ ದಿನ, ಜೆಸಿಬಿ ಬಿಲ್ಲು, ಹಾಜರಿದ್ದವರ ಸಹಿ ಎಲ್ಲದರ ಪ್ರತಿ ತೆಗೆದುಕೊಳ್ಳಿ. ಬೇರೆ ಜಿಲ್ಲೆಯ ಕಾಗದ ಅಂತ ತಳ್ಳಿಹಾಕಲು ನೋಡಬಹುದು. ಓಲೆಯ ದಾಖಲೆ ದೇಶಕ್ಕೆಲ್ಲ ಒಂದೇ, ಅದನ್ನು ಅಲ್ಲೇ ತೆರೆದು ತೋರಿಸಲು ಕೇಳಿ.

ಹೊಳೆ ದಂಡೆಯ ಎಲ್ಲ ಪಂಚಾಯ್ತಿಯವರಿಗೂ ನನ್ನ ಕೋರಿಕೆ. ತೇಲಿ ಬಂದ ದನವನ್ನು ಹೂಳುವ ಮುಂಚೆ ಎರಡು ನಿಮಿಷ ನಿಲ್ಲಿ. ಓಲೆಯ ನಂಬರು ಬರೆಯಿರಿ. ಓಲೆ ಇಲ್ಲದಿದ್ದರೆ ಬಣ್ಣ, ಕೊಂಬು, ಕೊರಳಲ್ಲಿ ಏನಿತ್ತು ಅಂತ ಬರೆಯಿರಿ. ನಾನು ಕೆಲಸದಲ್ಲಿದ್ದಾಗ ಎಷ್ಟೋ ದನ ಹೂಳಿಸಿದ್ದೇನೆ, ಹೀಗೆ ಬರೆದಿಡಬೇಕು ಅಂತ ನನಗೆ ಹೊಳೆದಿರಲಿಲ್ಲ. ಅದು ಈಗ ಮನಸ್ಸಿಗೆ ಚುಚ್ಚುತ್ತದೆ.

ಕಂಬಳಿ ಹಟ್ಟಿ · ಬುಧವಾರ, ಸಂಜೆ 6.30

ಕುರಿ ಸಿಕ್ಕರೆ ಕಿವಿ ಎಲ್ಲಿ ಕತ್ತರಿಸಿದೆ ಅಂತ ಒಂದು ಚಿತ್ರ ಗೀಚಿ ಇಡಿ. ನಮ್ಮವರಿಗೆ ಕಳಿಸಿದರೆ ಯಾರ ಹಟ್ಟಿಯದು ಅಂತ ಹೇಳಿಬಿಡುತ್ತೇವೆ.

ಹೊಳೆದಂಡೆಯವ · ಬುಧವಾರ, ರಾತ್ರಿ 10.10

6608 ನೋಡಿ ಎದೆ ಧಸಕ್ ಅಂದಿತು. ನಮ್ಮದು 6680. ನಾಲ್ಕು ಸಲ ನೋಡಿದೆ, ಚೀಟಿ ತಿರುಗಿಸಿ ನೋಡಿದೆ. ನಮ್ಮದಲ್ಲ. ಇನ್ನೊಂದರದ್ದು 0294, ಅದೂ ಇಲ್ಲ. ಮುರಿದ ಓಲೆಯೂ ನಮ್ಮದಿರಲಿಕ್ಕಿಲ್ಲ.

ಇರಲಿ. ಅಕ್ಕನ ಹಸು ಸಿಕ್ಕಿತಲ್ಲ, ಸಮಾಧಾನ ಆಯಿತು. ಲೆಕ್ಕದ ಸರ್ ಇವತ್ತು ಫೋನ್‌ನಲ್ಲೇ ಅರ್ಜಿ ಹೇಳಿ ಬರೆಸಿದರು. ಲಸಿಕೆ ಚೀಟಿ, ಡೇರಿ ಪುಸ್ತಕ, ಪಾಸ್‌ಬುಕ್, ಸಂತೆಯ ಚೀಟಿ ಎಲ್ಲ ಲಗತ್ತಿಸಿ ಕೊಟ್ಟೆ, ಪ್ರತಿಗೆ ಸೀಲು ಹಾಕಿಸಿಕೊಂಡೆ. ಶುಕ್ರವಾರ ಮಹಜರಿಗೆ ಬರುತ್ತೇವೆ ಅಂದಿದ್ದಾರೆ. ಆ ರಾತ್ರಿ ಮಾಳಿಗೆ ಮೇಲಿಂದ ಟಾರ್ಚ್ ಹಿಡಿದಿದ್ದ ಪಕ್ಕದ ಮನೆಯ ಕಾಕಾ, ಎದುರು ಮನೆಯವರು, ಇಬ್ಬರೂ ಸಹಿ ಮಾಡುತ್ತೇವೆ ಅಂದರು.

ಡಾಕ್ಟ್ರೇ, ಅರ್ಜಿಯಲ್ಲಿ ಎಮ್ಮೆ ಕಾಣೆಯಾಗಿದೆ ಅಂತ ಬರೆದಿದ್ದೇನೆ, ಅದು ಸರಿಯಾ?

ನಿವೃತ್ತ ಪಶುವೈದ್ಯ · ಬುಧವಾರ, ರಾತ್ರಿ 10.35

ಕಾಣೆಯಾಗಿದೆ ಅಂತ ಬೇಡ. ಕಾಣೆಯಾದ ದನ ಅಂದರೆ ಕಳುವು, ಪೊಲೀಸ್ ಠಾಣೆ ಅಂತ ದಾರಿ ತಪ್ಪುತ್ತದೆ. ಇಂಥ ತಾರೀಕು, ರಾತ್ರಿ ಎರಡೂವರೆಗೆ, ಕೊಟ್ಟಿಗೆಯಿಂದ ಪ್ರವಾಹದ ನೀರಿನಲ್ಲಿ ಕೊಚ್ಚಿಹೋಗಿದೆ ಅಂತ ಮಹಜರಿನಲ್ಲಿ ಬರೆಸಿ. ಸಹಿ ಹಾಕುವ ಮುಂಚೆ ಪೂರ್ತಿ ಓದಿಸಿ ಕೇಳಿಸಿಕೊಳ್ಳಿ. ಕೊಟ್ಟಿಗೆ ಆವತ್ತಿನ ಹಾಗೇ ಇದೆಯಾ?

ಹೊಳೆದಂಡೆಯವ · ಬುಧವಾರ, ರಾತ್ರಿ 10.41

ಕೆಸರು ಅರ್ಧ ತೆಗೆದಿದ್ದೇನೆ. ಆ ಎರಡರ ಗೂಟದ ಹತ್ತಿರ ಕೈ ಹಾಕಿಲ್ಲ. ಕೊಯ್ದ ಹಗ್ಗ ಇನ್ನೂ ಗೂಟದಲ್ಲೇ ಇದೆ, ಮೊಳದುದ್ದ.

ನಿವೃತ್ತ ಪಶುವೈದ್ಯ · ಬುಧವಾರ, ರಾತ್ರಿ 10.44

ಬಿಚ್ಚಬೇಡಿ. ಶುಕ್ರವಾರದ ತನಕ ಹಾಗೇ ಇರಲಿ.